ಇನ್ಸಾಫಳ ನಾಲ್ಕು ದಿನದ ಜ್ವರ

ಅದೇ ಶಾಲೆ, ಅದೇ ಅಂಗಳ.
ಆಗಿದ್ದ ಹಿಪ್ಪುನೇರಳೆ ಮರ ಈಗಿಲ್ಲ, ಬುಡವಿದೆ;
ಅದರ ಮೇಲೆ ಕೂತಿದ್ದಾಳೆ ಇನ್ಸಾಫ್,
ಅರವತ್ಮೂರು, ಮಂಡಿನೋವು,
ನೈಲ್ ನದಿ ಕವಲೊಡೆವ ಸೀಮೆಯ ಕಫ್ರ್ ಗುಮ್ಮೇಜಿನವಳು.
ಹೋದ ವಾರ ಬೆರಳು ಚುಚ್ಚಿ 'ಗುರುತಿದೆ' ಅಂದಿದ್ದರು,
ತೋಳಿನ ರಕ್ತ ತೆಗೆದು ಪಟ್ಟಣಕ್ಕೆ ಕಳಿಸಿದ್ದರು.
ಇವತ್ತು ಉತ್ತರ.

ಇಲ್ಲೇ ಸಾಲು ನಿಂತದ್ದು, ಅರವತ್ನಾಲ್ಕರಲ್ಲಿ.
ಕಾಲುವೆಗೆ ಇಳಿದ ಮಕ್ಕಳಿಗೆಲ್ಲ ಹುಳು,
ಹುಡುಗರ ಮೂತ್ರ ದಾಳಿಂಬೆ ಬಣ್ಣ.
ಸರ್ಕಾರದ ಕಂಪೌಂಡರ್, ಗಾಜಿನ ಸಿರಿಂಜು,
ಸ್ಪಿರಿಟ್ ಒಲೆಯ ಮೇಲೆ ಚಹಾಕ್ಕಾಗುವಷ್ಟು ನೀರು.
ಅದು ಕುದಿಯಲಿ ಎಂದು ಕಾಯಲು
ಹಿಂದಿದ್ದ ಇನ್ನೂರು ತೋಳು ಬಿಡಬೇಕಲ್ಲ!
ಅಣ್ಣ ಶೆಹಾತಾನ ತೋಳಿನಿಂದ ತೆಗೆದ ಸೂಜಿ
ಒಮ್ಮೆ ಮುಳುಗೆದ್ದು ಅವಳ ತೋಳಿಗೆ.
ಹುಳು ಸತ್ತಿತು. ಅದು ಸುಳ್ಳಲ್ಲ.
ಮದ್ದಿನ ಬೆನ್ನಿಗೆ ಬಂದದ್ದಕ್ಕೆ
ಆಗಿನ್ನೂ ಹೆಸರಿರಲಿಲ್ಲ.

ಹೆಸರಿಲ್ಲದ್ದು ಯಕೃತ್ತಿನ ಒಂದು ಕೋಶ ಹೊಕ್ಕು
ತನ್ನನ್ನು ತಾನೇ ನಕಲು ಬರೆಯತೊಡಗಿತು.
ಒಳಗೊಬ್ಬ ಕಾವಲುಗಾರ, ಕಣ್ಣಿಲ್ಲದವನು,
ಓಲೆಗಳ ತಲೆ ಸವರಿ ನೋಡುವುದೇ ಅವನ ಕೆಲಸ.
ಮನೆಯ ಓಲೆಗೆಲ್ಲ ಟೊಪ್ಪಿಗೆ;
ಇದರದು ಬೋಳುತಲೆ.
ಗಂಟೆಯ ಹಗ್ಗಕ್ಕೆ ಕೈ ಚಾಚಿದ.
ಬಂದದ್ದರ ಬಳಿಯೂ ಕತ್ತರಿಯಿತ್ತು,
ಹಗ್ಗವೆಲ್ಲಿದೆ ಎಂದು ಅದಕ್ಕೂ ಗೊತ್ತಿತ್ತು.

ಕತ್ತರಿ ಬೀಳುವ ಮೊದಲು
ಅವಳಲ್ಲಿ ಒಂದು ಕೂಗು ಹೊರಬಿತ್ತು.
ಪಕ್ಕದ ಕೋಶ ಕಳ್ಳನನ್ನು ಕಂಡಿರಲಿಲ್ಲ,
ಕೂಗನ್ನಷ್ಟೇ ಕೇಳಿತು.
ಒಲೆ ಆರಿಸಿತು. ಕದವಿಕ್ಕಿತು.
ಮನೆಯಲ್ಲಿದ್ದ ಬರಹವನ್ನೆಲ್ಲ ಹರಿಯುತ್ತ ಕೂತಿತು,
ಕಳ್ಳಬರಹ, ತನ್ನದೇ ಲೆಕ್ಕಪತ್ರ, ಭೇದವಿಲ್ಲದೆ.
ತಾನೂ ಉಣ್ಣದು, ಬಂದವನಿಗೂ ಬಡಿಸದು.
ಅದರ ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ.
ಕೇರಿಗೆ ಕೇರಿಯೇ ಉಪವಾಸ ಬಿತ್ತು.
ಇವರು ಕೊಂದವರಲ್ಲ, ತಡೆದವರು;
ಕೊಲ್ಲುವವರು ರಕ್ತದ ದಾರಿ ಹಿಡಿದು
ವಾರಗಟ್ಟಲೆ ತಡವಾಗಿ ಬಂದರು.

ಹೊರಗೆ ಕಂಡದ್ದು ಇಷ್ಟೇ:
ಹುಡುಗಿಗೆ ನಾಲ್ಕು ದಿನ ಜ್ವರ, ಹಳದಿ ಕಣ್ಣು,
ಬೇಯುವ ಅವರೆಯ ವಾಸನೆಗೆ ವಾಂತಿ.
ಹತ್ತಿ ಎಲೆಯ ಹುಳು ಆರಿಸಲು ಹೋಗಲಿಲ್ಲ, ಕೂಲಿ ಹೋಯಿತು.
'ಮೈಗಳ್ಳಿ' ಅಂದಳು ಅಮ್ಮ,
'ಅಣ್ಣನ್ನ ನೋಡು, ಒಂದು ದಿನ ಮಲಗಿದ್ದುಂಟಾ?
ಗಟ್ಟಿ ಹುಡುಗ, ನನ್ನ ಯಕೃತ್ತು.'
ಆ ಸೀಮೆಯ ತಾಯಂದಿರು ಮುದ್ದು ಉಕ್ಕಿದಾಗ ಹಾಗನ್ನುತ್ತಾರೆ,
ನಾವು ಕರುಳೇ ಅಂದಂತೆ.
ಎರಡು ಕೂಸು ಮಣ್ಣಾದ ಮೇಲೆ ಹುಟ್ಟಿದವನು;
ಶೆಹಾತಾ, ಅಂದರೆ ತಿರಿದು ತಂದದ್ದು,
ಸಾವಿಗೆ ಆಸೆ ಹುಟ್ಟದಿರಲೆಂದು ಇಟ್ಟ ಹೆಸರು.
ಐವತ್ತೈದಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ಹೋದ.
ಗುಳಿಗೆ ಬಂದದ್ದು ಆಮೇಲೆ, ಐದು ವರ್ಷಕ್ಕೆ.

'ಗುರುತಷ್ಟೇ ಇದೆ ಅಜ್ಜಿ, ವೈರಸ್ ಇಲ್ಲ'
ಲ್ಯಾಬಿನ ಹುಡುಗಿ ನೆರ್ಮೀನ್ ಚೀಟಿ ಕೊಡುತ್ತಾಳೆ.
'ಯಾವಾಗಲೋ ಬಂದಿತ್ತು. ನೀವೇ ಓಡಿಸಿದ್ದೀರಿ.'
'ನಾನೇನು ಮಾಡಿದೆ? ಮಲಗಿದ್ದೆ.'
ಹುಡುಗಿ ಕೂತು ಕಾವಲುಗಾರ, ಹಗ್ಗ, ಕೂಗು
ಎಲ್ಲ ಹೇಳಿದಳು, ಹಿಂದಿನವರು ಗೊಣಗಿದರೂ.

'ಅವನದು ಕೂಗಲಿಲ್ಲವಾ?'

ನೆರ್ಮೀನ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.
'ಕೂಗಿತು. ನಿಲ್ಲಿಸಲೇ ಇಲ್ಲ ಅಜ್ಜಿ, ವರ್ಷಾನುಗಟ್ಟಲೆ.
ದಿನಾ ಕೂಗಿದರೆ ನೆರೆಯವರಿಗೆ ರೂಢಿಯಾಗಿಬಿಡುತ್ತದೆ.
ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ
ಹಣೆಬರಹದಲ್ಲಿ ಒಂದಕ್ಷರ ಬೇರೆಯಿರಬಹುದು.
ಇರಬಹುದು ಅಷ್ಟೇ, ನನಗೆ ಗೊತ್ತಿಲ್ಲ.'

ಇನ್ಸಾಫ್, ಅಂದರೆ ನ್ಯಾಯ,
ಚೀಟಿಯನ್ನು ನಾಲ್ಕಾಗಿ ಮಡಿಸಿ
ಎದೆಯೊಳಗೆ ಇಟ್ಟುಕೊಂಡಳು, ಮತ್ತೆ ತೆಗೆದು ನೋಡಿದಳು.
'ಅವನೂ ಮಲಗಬೇಕಿತ್ತು' ಅಂದಳು,
'ನಾಲ್ಕೇ ದಿನ.
ಅಮ್ಮ ಅವನಿಗೂ ಬಯ್ಯಬೇಕಿತ್ತು.'